ರೇಂಜ್‌ಫೈಂಡರ್ ತಪ್ಪು ತೋರಿಸ್ತಾ ಇದ್ಯಾ? ಸರ್ವಿಸ್‌ಗೆ ಕಳಿಸೋ ಮೊದಲು ಇಷ್ಟು ನೋಡಿ

ಕಳೆದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಅಕ್ಕನ ಮಗ ತನ್ನ ರೇಂಜ್‌ಫೈಂಡರ್ (ಕಣ್ಣಿಗೆ ಹಿಡಿದು ಗುರಿ ಇಟ್ಟು, ಲೇಸರಲ್ಲಿ ದೂರ ಅಳೆಯೋ ಮಶಿನ್) ವಿಷಯಕ್ಕೆ ಫೋನ್ ಮಾಡ್ದ. "ಮಾವ, ಇದು ಹಾಳಾಗೋಜು ಕಾಣ್ತು, ಐವತ್ತು ಅಡಿ ಮರಕ್ಕೆ ಇಪ್ಪತ್ತು ತೋರಿಸ್ತು" ಅಂದ. ಅಡಿಕೆ ಕೊಯ್ಲಿಗೆ ಎಷ್ಟು ಉದ್ದದ ದೋಟಿ ತಗೋಬೇಕು ಅಂತ ತೋಟದ ಮರಗಳ ಎತ್ತರ ಅಳೀತಾ ಇದ್ದ. ನಾನು ಶಿರಸಿಯಿಂದ ಹೋಗಿ ಅವನು ನಿಂತ ಜಾಗದಲ್ಲೇ ನಿಂತು ಐಪೀಸಿಗೆ ಕಣ್ಣಿಟ್ಟು ನೋಡಿದ್ರೆ, ಮರದ ಕಾಂಡದ ಮೇಲೆ ಗುರಿ ಇಡೋ ಕ್ರಾಸ್ ಗುರುತು ಸರಿಯಾಗೇ ಕೂತಿದೆ, ಆದ್ರೆ ಆ ಕ್ರಾಸಿನ ಅಂಚಲ್ಲಿ ಒಂದು ಹಸಿರು ನೆರಳು, ಮಸುಕು ಮಸುಕು. ಕಣ್ಣು ತೆಗೆದು ನೋಡಿದ್ರೆ ಎಂಟು ಮೀಟರ್ ದೂರದಲ್ಲಿ ಬಾಳೆ ಎಲೆಯ ಹರಿದ ತುದಿ ಗಾಳಿಗೆ ಅಲ್ಲಾಡ್ತಾ ಇತ್ತು. ಮರ ಇದ್ದದ್ದು 20 ಮೀಟರಲ್ಲಿ, ಮಶಿನ್ ಅಳೆದಿದ್ದು 8 ಮೀಟರಿನ ಬಾಳೆ ಎಲೆ, ಆ ದೂರ ಇಟ್ಕೊಂಡೇ ಅದು ಎತ್ತರದ ಲೆಕ್ಕ ಹಾಕೋದು, ಐವತ್ತರ ಜಾಗದಲ್ಲಿ ಇಪ್ಪತ್ತು ಬಂತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಒತ್ತಿದ್ವಿ, ಸರಿ ಬಂತು.

ಇದನ್ನ ಮೊದಲೇ ಹೇಳಿದ್ದು ಎಂತಕ್ಕೆ ಅಂದ್ರೆ ಈ ಮಶಿನ್ ಸುಳ್ಳು ಹೇಳೋದು ಬಹಳ ಕಡಿಮೆ, ಯಾವುದೋ ಒಂದರ ದೂರ ಸರಿಯಾಗೇ ಹೇಳಿರ್ತದೆ, ನಾವು ಅಂದ್ಕೊಂಡಿದ್ದು ಬೇರೆ ಆಗಿರ್ತದೆ ಅಷ್ಟೆ. ಬಟನ್ ಒತ್ತಿದ ಕೂಡ್ಲೆ ಕಣ್ಣಿಗೆ ಕಾಣದ ಲೇಸರ್ (ಹೆಚ್ಚಿನ ಮಾಡೆಲ್‌ಗಳಲ್ಲಿ 905 ನ್ಯಾನೋಮೀಟರಿನದ್ದು) ಹೋಗಿ ಎಲ್ಲಿಗೋ ತಾಗಿ ವಾಪಸ್ ಬರ್ತದೆ, ಹೋಗಿ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ ದೂರ ಹೇಳ್ತದೆ. 100 ಮೀಟರಿಗೆ ಹೋಗಿಬರೋಕೆ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಸಾಕು. ಹಾಗಾಗಿ ನಂಬರ್ ತಪ್ಪು ಅನ್ನಿಸಿದಾಗ ಮೊದಲು ಕೇಳ್ಕೊಳ್ಬೇಕಾದ್ದು ಒಂದೇ, ಬೆಳಕು ಎಂತಕ್ಕೆ ತಾಗಿ ವಾಪಸ್ ಬಂತು?

ಎಲ್ಲಕ್ಕಿಂತ ಮೊದಲು: ಗೊತ್ತಿರೋ ದೂರ ಒಂದು ಮಾಡ್ಕೊಳ್ಳಿ

ದುಡ್ಡು ಖರ್ಚಿಲ್ಲದ ಕೆಲಸ ಇದು, ಆದ್ರೆ ಯಾರೂ ಮಾಡಲ್ಲ. ಮನೆ ಎದುರಿನ ಸಪಾಟು ರಸ್ತೆಯಲ್ಲಿ 30 ಮೀಟರಿನ ಟೇಪ್ ಮೂರು ಸಲ ಹಾಕಿ 90 ಮೀಟರ್ ಗುರುತು ಮಾಡಿ, ಆ ತುದಿಗೆ ಬಿಳಿ ಥರ್ಮಾಕೋಲ್ ಶೀಟೋ ರಟ್ಟೋ ನಿಲ್ಲಿಸಿ. ಬೆಳಿಗ್ಗೆ ಬಿಸಿಲು ಏರೋ ಮೊದಲು ಹತ್ತು ಸಲ ಒತ್ತಿ ನೋಡಿ. ಹತ್ತೂ ಸಲ 89, 90, 91ರ ಒಳಗೆ ಬಂದ್ರೆ ಮಶಿನ್ ಗಟ್ಟಿ ಇದೆ, ತೊಂದರೆ ಬೇರೆ ಕಡೆ ಇದೆ. ಹತ್ತು ಸಲವೂ 98 ಬಂದ್ರೆ ಮುಂದಿನ ಭಾಗ ಓದಿ. ಒಮ್ಮೆ 90, ಒಮ್ಮೆ 74, ಒಮ್ಮೆ ನಂಬರ್ ಇಲ್ಲದೆ ಬರೀ ಗೆರೆ (ದೂರ ಸಿಗಲಿಲ್ಲ ಅಂತ) ಹೀಗೆ ಕುಣೀತಾ ಇದ್ರೆ ಮೊದಲು ಸೆಲ್ ಬದಲಿಸಿ, ಆಮೇಲೂ ಹಾಗೇ ಆದ್ರೆ ಕೊನೇ ಭಾಗಕ್ಕೆ ಹೋಗಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ದುಡ್ಡು ಕೊಡೋ ಮೊದಲೇ ಈ ಟೆಸ್ಟ್ ಮಾಡಿ, ಮಾರೋರು ಬೇಜಾರು ಮಾಡ್ಕೊಂಡ್ರೂ ಬಿಡ್ಬೇಡಿ.

ನಂಬರ್ ಯಾವಾಗಲೂ ಸ್ವಲ್ಪ ಜಾಸ್ತಿ ಬರ್ತದೆ

90 ಮೀಟರಿಗೆ 98 ಬಂತಾ? ಮಶಿನ್ ಗಜದಲ್ಲಿ (ಯಾರ್ಡ್) ಇದೆ. ಒಂದು ಗಜ ಅಂದ್ರೆ 0.9144 ಮೀಟರ್. ಗಾಲ್ಫ್ ಮಾಡೆಲ್‌ಗಳಲ್ಲಿ ಅಂತೂ ಬರುವಾಗಲೇ ಯಾರ್ಡಲ್ಲಿ ಸೆಟ್ ಆಗಿರೋದು ಮಾಮೂಲು. ಮೋಡ್ ಬಟನ್ ಒತ್ತಿ ಹಿಡಿದ್ರೆ ಡಿಸ್ಪ್ಲೇ ಮೂಲೆಯ ಪುಟ್ಟ ಅಕ್ಷರ ಬದಲಾಗ್ತದೆ. ಸೆಲ್ ತೆಗೆದು ಹಾಕಿದಾಗ ಕೆಲವು ಮಾಡೆಲ್ ತಾನಾಗೇ ಯಾರ್ಡಿಗೆ ವಾಪಸ್ ಹೋಗ್ತದೆ, ಹಾಗಾಗಿ "ನಿನ್ನೆವರೆಗೆ ಸರಿ ಇತ್ತು, ಸೆಲ್ ಹಾಕಿದ ಮೇಲೆ ಹಾಳಾಯ್ತು" ಅಂತ ಯಾರಾದ್ರೂ ಅಂದ್ರೆ ನಾನು ಮೊದಲು ನೋಡೋದು ಆ ಪುಟ್ಟ ಅಕ್ಷರ.

ಆನ್ ಆಗೋದೇ ಇಲ್ಲ, ಅಥವಾ ಆನ್ ಆಗಿ ಒತ್ತಿದ ತಕ್ಷಣ ಆರಿ ಹೋಗ್ತದೆ

ಬಹಳಷ್ಟು ಮಾಡೆಲ್‌ಗೆ ಸಿಆರ್2 ಅನ್ನೋ 3 ವೋಲ್ಟಿನ ಗಿಡ್ಡ ಲಿಥಿಯಂ ಸೆಲ್. ಡಿಸ್ಪ್ಲೇ ಹತ್ತಿಸೋಕೆ ಕರೆಂಟ್ ಅಷ್ಟೇನೂ ಬೇಡ, ಲೇಸರ್ ಹೊಡೆಯುವಾಗ ಒಮ್ಮೆಲೇ ಜಾಸ್ತಿ ಬೇಕು, ಅದಕ್ಕೇ ಹಳೇ ಸೆಲ್ ಇದ್ರೆ ಅಕ್ಷರ ಎಲ್ಲ ಚೆಂದ ಕಾಣ್ತದೆ, ಬಟನ್ ಒತ್ತಿದ ಕೂಡ್ಲೆ ಸತ್ತು ಹೋಗ್ತದೆ. ಮಲ್ಟಿಮೀಟರಲ್ಲಿ 3 ವೋಲ್ಟ್ ತೋರಿಸಿದ್ರೂ ನಂಬ್ಬೇಡಿ, ಲೋಡ್ ಇಲ್ಲದೆ ಸುಸ್ತಾದ ಸೆಲ್ಲೂ ಅಷ್ಟು ತೋರಿಸ್ತದೆ. ಹೊಸ ಸೆಲ್ ಹಾಕಿ ನೋಡೋದೇ ಸರಿಯಾದ ಪರೀಕ್ಷೆ. ಸಣ್ಣ ಊರಿನ ಅಂಗಡಿಗಳಲ್ಲಿ ಸಿಆರ್2 ಖರ್ಚಾಗೋದು ನಿಧಾನ, ಶೆಲ್ಫಲ್ಲಿ ವರ್ಷಗಟ್ಟಲೆ ಕೂತಿರ್ತದೆ, ಹಾಗಾಗಿ ಪ್ಯಾಕೆಟ್ ಮೇಲಿನ ತಾರೀಕು ನೋಡಿ ತಗೊಳ್ಳಿ. ಸಿಆರ್123 ಅನ್ನೋದು ಇದರ ದೊಡ್ಡಣ್ಣ, ಅದು ಇದರೊಳಗೆ ಹೋಗಲ್ಲ, ಒತ್ತಿ ತುರುಕಬೇಡಿ. ರೀಚಾರ್ಜ್ ಆಗೋ ಅದೇ ಸೈಜಿನ ಸೆಲ್ ಸಿಗ್ತದೆ, ಅದರಲ್ಲಿ ಫುಲ್ ಚಾರ್ಜ್ ಆದಾಗ 4.2 ವೋಲ್ಟ್‌ವರೆಗೂ ಇರೋದುಂಟು, ಮಶಿನ್ ಜೊತೆ ಬಂದ ಪುಸ್ತಕದಲ್ಲಿ ಹಾಕಬಹುದು ಅಂತ ಬರೆದಿಲ್ಲ ಅಂದ್ರೆ ಹಾಕಲೇಬೇಡಿ.

ಸೆಲ್ ಹೊಸದು, ಆದ್ರೂ ಇಲ್ಲ ಅಂದ್ರೆ ಮುಚ್ಚಳದ ಒಳಗಿನ ಸ್ಪ್ರಿಂಗ್ ನೋಡಿ. ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಇದನ್ನ ಮೊದಲೇ ನೋಡ್ಬೇಕು. ಸಮುದ್ರದ ಉಪ್ಪುಗಾಳಿಗೆ ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬು ಅಥವಾ ಬಿಳೀ ಹುಡಿ ಹಿಡಿದಿರ್ತದೆ. ಪೆನ್ಸಿಲ್ ಅಳಿಸೋ ರಬ್ಬರಲ್ಲಿ ತಿಕ್ಕಿ, ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಅದ್ದಿದ ಹತ್ತಿಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸೆಲ್ ಹಾಕಿ. ಉಪ್ಪು ಕಾಗದ ಹಾಕಿ ಉಜ್ಜಬೇಡಿ, ಮೇಲಿನ ಲೇಪ ಹೋಗಿ ಮುಂದಿನ ಸಲ ಇನ್ನೂ ಬೇಗ ಕಿಲುಬು ಹಿಡೀತದೆ. ಮುಚ್ಚಳದ ರಬ್ಬರ್ ರಿಂಗ್ ಮೇಲೆ ಮರಳಿನ ಕಣ ಇದ್ರೆ ಅದನ್ನೂ ತೆಗೀರಿ, ನೀರು ಒಳಗೆ ಹೋಗೋ ದಾರಿ ಅದೇ. ಸೆಲ್ ಉಬ್ಬಿದ್ರೆ, ಬಿಸಿ ಆಗಿದ್ರೆ, ಸಿಹಿ ಸಿಹಿ ಕೆಮಿಕಲ್ ವಾಸನೆ ಬಂದ್ರೆ ಅಲ್ಲಿಗೇ ನಿಲ್ಲಿಸಿ, ಅದನ್ನ ಕೆದಕಬೇಡಿ, ಮನೆಯೊಳಗೂ ಇಡಬೇಡಿ.

ಹತ್ತಿರದ್ದಕ್ಕೆ ಬರ್ತದೆ, ದೂರದ್ದಕ್ಕೆ ಬರೀ ಗೆರೆ

ಇದು ಅತಿ ಹೆಚ್ಚು ಕೇಳೋ ದೂರು. "ಡಬ್ಬಿ ಮೇಲೆ 1000 ಅಂತ ಬರೆದಿದೆ, ನನಗೆ 400 ದಾಟಲ್ಲ."

ಡಬ್ಬಿ ಮೇಲಿನ 1000 ಅನ್ನೋದು ರಸ್ತೆ ಬದಿಯ ರಿಫ್ಲೆಕ್ಟರ್ ಬೋರ್ಡಿನಂಥ ಹೊಳೆಯೋ ಗುರಿಗೆ. ಮರಕ್ಕೆ ಅದು ಸುಮಾರಾಗಿ ಅರ್ಧದಿಂದ ಮುಕ್ಕಾಲು, ಪ್ರಾಣಿ ಮೈಗೆ ಇನ್ನೂ ಕಡಿಮೆ, ಗಾಲ್ಫ್ ಬಾವುಟದ ಕಡ್ಡಿಗೆ ಎಲ್ಲಕ್ಕಿಂತ ಕಡಿಮೆ. ತಗೊಳ್ಳುವಾಗ ದೊಡ್ಡ ನಂಬರ್ ಬಿಟ್ಟು ಮರಕ್ಕೆ ಎಷ್ಟು, ಬಾವುಟಕ್ಕೆ ಎಷ್ಟು ಅಂತ ಕೇಳಿ, ಒಳ್ಳೆ ಕಂಪನಿಯವರು ಬೇರೆ ಬೇರೆಯಾಗಿ ಬರೆದಿರ್ತಾರೆ, ಬರೆದೇ ಇಲ್ಲ ಅಂದ್ರೆ ನಾನಂತೂ ತಗೊಳ್ಳಲ್ಲ.

ಮಶಿನ್ ಸರಿ ಇದ್ದೂ ಗೆರೆ ಬರೋ ಜಾಗಗಳು ಕೆಲವಿವೆ. ಕರೀ ಬಂಡೆ, ಒದ್ದೆ ಮರದ ತೊಗಟೆ ಬೆಳಕು ನುಂಗ್ತವೆ. ನೀರು ಇನ್ನೂ ವಿಚಿತ್ರ. ಕಾರವಾರದಲ್ಲಿ ಕಾಳಿ ಸೇತುವೆ ಹತ್ತಿರ ನಿಂತು ಹೊಳೆ ನೀರಿಗೇ ಗುರಿ ಇಟ್ರೆ ಎಷ್ಟೇ ಒತ್ತಿದ್ರೂ ಎಂತದ್ದೂ ಬರಲ್ಲ, ಯಾಕಂದ್ರೆ ನಿಂತ ನೀರಿನ ಮೇಲೆ ಓರೆಯಾಗಿ ಬಿದ್ದ ಬೆಳಕು ಕನ್ನಡಿಗೆ ಬಿದ್ದ ಹಾಗೆ ಆಚೆ ಕಡೆಗೇ ಹಾರಿ ಹೋಗ್ತದೆ, ನಿಮ್ಮ ಕಡೆ ವಾಪಸ್ ಬರಲ್ಲ. ಅದೇ ನೀರಿನ ಮೇಲಿನ ದೋಣಿಗೋ ದಡದ ತೆಂಗಿನ ಮರಕ್ಕೋ ಇಟ್ರೆ ಥಟ್ ಅಂತ ಬರ್ತದೆ. ಗಾಲ್ಫಲ್ಲೂ ಅಷ್ಟೆ, ಕೆರೆ ದಾಟಿಸ್ಬೇಕು ಅಂದ್ರೆ ಕೆರೆಯ ಆಚೆ ದಂಡೆ ಅಳೀರಿ, ನೀರನ್ನಲ್ಲ. ಕಿಟಕಿ ಗಾಜು, ಕಾರಿನ ಗಾಜಿನ ಹಿಂದಿಂದ ಅಳೆಯೋದೂ ಬೇಡ.

ನಡು ಮಧ್ಯಾಹ್ನದ ಬಿಸಿಲಲ್ಲಿ ರೇಂಜ್ ಕಡಿಮೆ ಆಗೋದು ಸಹಜ, ಸೂರ್ಯನ ಬೆಳಕಲ್ಲೂ ಅದೇ ಇನ್‌ಫ್ರಾರೆಡ್ ಇದೆ, ಅದರ ನಡುವೆ ನಿಮ್ಮ ಪುಟ್ಟ ಬೆಳಕನ್ನ ಗುರುತಿಸೋದು ಮಶಿನ್‌ಗೆ ಕಷ್ಟ. ಸಂಜೆ ಅದೇ ಗುರಿಗೆ ಇಟ್ಟು ನೋಡಿ. ಸಂಜೆಯೂ ಬರಲ್ಲ ಅಂದ್ರೆ ಮುಂದಿನ ಎರಡೂ ಗಾಜು ಒರೆಸಿ (ಕಳಿಸೋದು ಒಂದು, ತಗೊಳ್ಳೋದು ಇನ್ನೊಂದು, ಜನ ನೋಡೋ ಗಾಜು ಮಾತ್ರ ಒರೆಸಿ ಬಿಡ್ತಾರೆ). ಮೊದಲು ಬ್ಲೋವರಲ್ಲಿ ಊದಿ, ಆಮೇಲೆ ಕನ್ನಡಕದ ಮೆತ್ತನೆ ಬಟ್ಟೆ. ಪಂಚೆ ತುದಿಯಲ್ಲಿ ಒರೆಸಿದ್ರೆ ಲೇಪಕ್ಕೆ ಗೀರು ಬೀಳ್ತದೆ.

ಕೈ ನಡುಗೋದೂ ಒಂದು ಕಾರಣ. ಬೆಳಕಿನ ಗೆರೆ ದೂರ ಹೋದ ಹಾಗೆ ಅಗಲ ಆಗ್ತದೆ, ಒಂದು ಮಿಲಿರೇಡಿಯನ್ ಹರಡೋದು ಅಂದ್ರೆ 100 ಮೀಟರಲ್ಲಿ 10 ಸೆಂಟಿಮೀಟರ್, 300ರಲ್ಲಿ 30. ಅಷ್ಟು ಸಣ್ಣ ಬೆಳಕನ್ನ ಬೆರಳಷ್ಟು ದಪ್ಪದ ಕಡ್ಡಿ ಮೇಲೆ ಕೂರಿಸ್ಬೇಕು. ಮೊಣಕೈ ಎದೆಗೆ ಒತ್ತಿ, ಅಥವಾ ದಣಪೆ ಕಂಬಕ್ಕೆ ಕೈ ಊರಿ, ಉಸಿರು ಬಿಟ್ಟು ಒತ್ತಿ. ಎಷ್ಟೋ "ಹಾಳಾದ" ಮಶಿನ್ ಅಲ್ಲೇ ಸರಿ ಆಗ್ತದೆ.

ಬಾವುಟಕ್ಕೆ ಇಟ್ರೆ ಹಿಂದಿನ ಮರ ಹೇಳ್ತದೆ, ಮರಕ್ಕೆ ಇಟ್ರೆ ಮುಂದಿನ ಎಲೆ ಹೇಳ್ತದೆ

ಗಾಲ್ಫ್ ಮಶಿನ್ ಮತ್ತೆ ಬೇಟೆಯವರಿಗೆ ಅಂತ ಮಾಡಿದ ಮಶಿನ್ ಬೇರೆ ಆಗೋದು ಇಲ್ಲಿ. ಒಂದೇ ಸಲಕ್ಕೆ ಎರಡು ಮೂರು ಕಡೆಯಿಂದ ಬೆಳಕು ವಾಪಸ್ ಬಂದ್ರೆ ಗಾಲ್ಫ್‌ದು ಹತ್ತಿರದ್ದನ್ನ ಆರಿಸ್ತದೆ, ಬಾವುಟ ಮುಂದೆ, ಮರ ಹಿಂದೆ ಇರೋದಲ್ವಾ ಅದಕ್ಕೆ. ಬೇಟೆಯದ್ದು ದೂರದ್ದನ್ನ ಆರಿಸ್ತದೆ, ಪೊದೆ ಮುಂದೆ, ಪ್ರಾಣಿ ಹಿಂದೆ ಇರೋದ್ರಿಂದ. ನಮ್ಮ ಕಡೆಯ ತೋಟ, ಬೆಟ್ಟಕ್ಕೆ ಎರಡನೇದೇ ಸರಿ, ಎಲ್ಲಿ ನೋಡಿದ್ರೂ ಎಲೆ, ಬಳ್ಳಿ, ಗೆಲ್ಲು. ಅಕ್ಕನ ಮಗನದ್ದು ಗಾಲ್ಫ್ ಮಾಡೆಲ್, ಆಫರಲ್ಲಿ ಸಿಕ್ತು ಅಂತ ತಗೊಂಡಿದ್ದು, ಬಾಳೆ ಎಲೆ ಹೇಳಿದ್ದು ಅದರ ತಪ್ಪಲ್ಲ, ಅದರ ಕೆಲಸವೇ ಅದು.

ತುಂಬಾ ಮಾಡೆಲ್‌ಗಳಲ್ಲಿ ಇದನ್ನ ಮೋಡ್ ಬಟನ್‌ನಲ್ಲಿ ಬದಲಾಯಿಸಬಹುದು. ಬದಲಾಯಿಸೋಕೆ ಆಗಲ್ಲ ಅಂದ್ರೆ ಬಟನ್ ಒತ್ತಿ ಹಿಡ್ಕೊಂಡೇ ಗುರಿಯ ಮೇಲೆ ಎಡಕ್ಕೆ ಬಲಕ್ಕೆ ನಿಧಾನ ಆಡಿಸಿ, ನಂಬರ್ ಬದಲಾಗ್ತಾ ಹೋಗ್ತದೆ, 8, 8, 20, 34, ಯಾವುದು ಎಲೆ ಯಾವುದು ಮರ ಅಂತ ನಿಮಗೇ ಗೊತ್ತಾಗ್ತದೆ. ನನ್ನ ಭಾವ ಮಂಗಳೂರಲ್ಲಿ ಇರೋರು, ಪಿಲಿಕುಳದಲ್ಲಿ ಆಡ್ತಾರೆ, ಅವರ ಮಶಿನ್ ಬಾವುಟ ಹಿಡಿದಾಗ ಕೈಯಲ್ಲಿ ಗುರ್ ಅಂತ ನಡುಗ್ತದೆ, ಆ ನಡುಕ ಬಂದ್ರೂ ಅವರು ಇನ್ನೊಂದು ಸಲ ಒತ್ತಿ ನೋಡ್ತಾರೆ, ಎರಡೂ ಒಂದೇ ಬಂದ್ರೆ ಮಾತ್ರ ಕ್ಲಬ್ ತೆಗೀತಾರೆ. ಒಳ್ಳೆ ಅಭ್ಯಾಸ.

ಸಪಾಟಲ್ಲಿ ಸರಿ, ಏರು ಇಳಿಜಾರಲ್ಲಿ ತಪ್ಪು

ಇದರಲ್ಲಿ ನಾನೇ ದುಡ್ಡು ಕಳ್ಕೊಂಡಿದ್ದೇನೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೇನೆ. ಬೆಟ್ಟದ ಮೇಲಿನ ಅಬ್ಬಿಯಿಂದ ಮನೆ ಟ್ಯಾಂಕಿಗೆ ಪೈಪ್ ಎಳೀಬೇಕಿತ್ತು. ಟ್ಯಾಂಕಿನ ಹತ್ತಿರ ನಿಂತು ಅಬ್ಬಿ ಬಾಯಿಯ ಬಂಡೆಗೆ ಗುರಿ ಇಟ್ಟೆ, 194 ಮೀಟರ್ ಬಂತು, ಎರಡು ಸುರುಳಿ ಸಾಕು ಅಂತ 100 ಮೀಟರಿನ ಎರಡು ಕಾಯಿಲ್ ತಂದೆ. ಎಳೀತಾ ಹೋದ್ರೆ ಬಂಡೆ ಕಣ್ಣಿಗೆ ಕಾಣ್ತದೆ, ಪೈಪ್ ಮುಗೀತು. ಮಶಿನ್ ಕೆಟ್ಟಿದೆ ಅಂತಲೇ ನಿರ್ಧಾರ ಮಾಡಿದ್ದೆ. ಆಮೇಲೆ ರಾತ್ರಿ ಪುಸ್ತಕ ಓದಿದಾಗ ಗೊತ್ತಾಯ್ತು, ಅದು ತೋರಿಸ್ತಾ ಇದ್ದದ್ದು ಅಡ್ಡ ದೂರ, ಅಂದ್ರೆ ಏರು ಬಿಟ್ಟು ಸಪಾಟಾಗಿ ಲೆಕ್ಕ ಹಾಕಿದ್ದು. ಮರುದಿನ ಮೋಡ್ ಬದಲಿಸಿ ನೋಡಿದ್ರೆ ನೇರ ದೂರ 212, ಕೋನ 24 ಡಿಗ್ರಿ. 212ಕ್ಕೆ 24 ಡಿಗ್ರಿಯ ಕೊಸೈನ್ ಗುಣಿಸಿ ನೋಡಿ, 194 ಬರ್ತದೆ. ಪೈಪಿಗೆ ಬೇಕಾದ್ದು 212, ಅದೂ ಗಾಳಿಯಲ್ಲಿ ಹಗ್ಗ ಕಟ್ಟಿದ ಹಾಗೆ ನೇರ ಹೋದ್ರೆ, ನೆಲದ ಉಬ್ಬು ತಗ್ಗಿಗೆ ಇನ್ನೂ ಸೇರಿಸ್ಬೇಕು.

ಬೇಟೆ ಮಾಡೆಲ್‌ಗಳು ಅಡ್ಡ ದೂರ ತೋರಿಸೋಕೆ ಕಾರಣ ಇದೆ, ಬಾಣವನ್ನೋ ಗುಂಡನ್ನೋ ಭೂಮಿ ಕೆಳಗೆ ಎಳೆಯೋ ಲೆಕ್ಕಕ್ಕೆ ಹೆಚ್ಚುಕಮ್ಮಿ ಅಡ್ಡ ದೂರವೇ ಮುಖ್ಯ, ಹಾಗಾಗಿ ಏರಾದ್ರೂ ಇಳಿಜಾರಾದ್ರೂ ನಂಬರ್ ಕಡಿಮೆಯೇ ಆಗ್ತದೆ. ಗಾಲ್ಫ್ ಮಾಡೆಲ್‌ನ ಸ್ಲೋಪ್ (ಏರಿಳಿತ ಸೇರಿಸಿ ದೂರ ಹೇಳೋ ಮೋಡ್) ಹಾಗಲ್ಲ, ಏರಿಗೆ ಜಾಸ್ತಿ, ಇಳಿಜಾರಿಗೆ ಕಡಿಮೆ, ಎಷ್ಟು ಜೋರು ಹೊಡೀಬೇಕು ಅಂತ ಹೇಳೋದು ಅದು. 150 ಗಜ, 5 ಡಿಗ್ರಿ ಏರು ಅಂದ್ರೆ ಎತ್ತರ ಸುಮಾರು 13 ಗಜ, ಗಾಲ್ಫ್‌ದು 160 ದಾಟಿಸಿ ಹೇಳಬಹುದು, ಬೇಟೆಯದ್ದು 149 ಅನ್ನಬಹುದು, ಎರಡೂ ಹಾಳಾಗಿಲ್ಲ. ಇಬ್ಬರು ಎರಡು ಮಶಿನ್ ಹಿಡ್ಕೊಂಡು ಜಗಳ ಆಡೋ ಮೊದಲು ಎರಡರಲ್ಲೂ ಸ್ಲೋಪ್ ಆಫ್ ಮಾಡಿ ನೋಡಿ. ಗಾಲ್ಫ್ ಸ್ಪರ್ಧೆಗೆ ಹೋಗೋರು ಹೇಗೂ ಆಫ್ ಮಾಡ್ಲೇಬೇಕು, 2019ರ ನಿಯಮಗಳ ಪ್ರಕಾರ ದೂರ ಅಳೆಯಬಹುದು, ಏರಿಳಿತ ಅಳೆಯೋ ಹಾಗಿಲ್ಲ.

ಸ್ಲೋಪ್ ಆನ್ ಮಾಡಿ, ನೆಲಕ್ಕೆ ಸಪಾಟಾಗಿ ಹಿಡಿದಾಗಲೂ ಕೋನ 3, 4 ಡಿಗ್ರಿ ತೋರಿಸ್ತಾ ಇದ್ರೆ ಮಾತ್ರ ಒಳಗಿನ ಸೆನ್ಸರ್ ತಪ್ಪಿದೆ ಅಂತ ಅರ್ಥ. ಕೆಲವಕ್ಕೆ ಮೆನುವಿನಲ್ಲಿ ಕ್ಯಾಲಿಬ್ರೇಶನ್ ಇರ್ತದೆ, ಇಲ್ಲ ಅಂದ್ರೆ ಸರ್ವಿಸ್.

ಮಳೆ, ಮಂಜಲ್ಲಿ ಎಲ್ಲಿ ಇಟ್ರೂ ಹತ್ತು ಹನ್ನೆರಡು ಮೀಟರ್

ಜುಲೈಯಲ್ಲಿ ಶಿರಸಿ, ಸಿದ್ದಾಪುರ ಕಡೆ ಇದು ದಿನಾ ಆಗೋದು. ಮಂಜಿನ ಹನಿಗಳಿಗೇ ಬೆಳಕು ತಾಗಿ ವಾಪಸ್ ಬರ್ತದೆ. ಮಂಜು, ಮಳೆ ಅನ್ನೋ ಮೋಡ್ ಇದ್ರೆ ಹಾಕಿ, ಅದು ಹತ್ತಿರದ ನಂಬರ್ ಬಿಟ್ಟು ಹಿಂದಿನದ್ದನ್ನ ಹುಡುಕ್ತದೆ. ಯಾಣಕ್ಕೆ ಹೋದಾಗ ಭೈರವೇಶ್ವರ ಶಿಖರ, 120 ಮೀಟರ್ ಎತ್ತರದ ಕಪ್ಪು ಬಂಡೆ ಎದುರಿಗೇ ಇದ್ರೂ ಮಂಜಲ್ಲಿ ನಮಗೆ ಸಿಕ್ಕಿದ್ದು ಬರೀ 11, 12. ಅರ್ಧ ಗಂಟೆ ಕಾದ್ವಿ, ಮಂಜು ಸರೀತು, ಬಂಡೆ ಸಿಕ್ತು. ಆ ಮೋಡಿಗೂ ಸಿಗಲ್ಲ ಅಂದ್ರೆ ಕಾಯೋದು ಬಿಟ್ಟು ಬೇರೆ ರಿಪೇರಿ ಇದಕ್ಕಿಲ್ಲ.

ನೋಡಿದ್ರೆ ಮಸುಕು, ಅಕ್ಷರ ಕಾಣಲ್ಲ

ಅಕ್ಷರ ಮಾತ್ರ ಮಸುಕಾ, ದೃಶ್ಯವೂ ಮಸುಕಾ ಅಂತ ಮೊದಲು ನೋಡಿ. ಅಕ್ಷರ ಮಾತ್ರ ಆದ್ರೆ ಐಪೀಸಿನ ಸುತ್ತಿನ ಉಂಗುರ ತಿರುಗಿಸಿ, ನಿಮ್ಮ ಕಣ್ಣಿನ ಪವರಿಗೆ ಸರಿ ಮಾಡೋದು ಅದು, ಮನೆ ಮಕ್ಕಳು ಕೈ ಹಾಕಿದ್ರೆ ತಿರುಗಿಯೇ ತಿರುಗಿರ್ತದೆ. ಕಪ್ಪು ಎಲ್‌ಸಿಡಿ ಅಕ್ಷರ ಮುಸ್ಸಂಜೆಯಲ್ಲಿ ಮರದ ನೆರಳಿನ ಮೇಲೆ ಕಾಣಲ್ಲ, ಅದು ದೋಷ ಅಲ್ಲ, ಕಾಡು ತೋಟದಲ್ಲಿ ಬಳಸೋರು ಕೆಂಪು ಅಕ್ಷರ ಬೆಳಗೋದನ್ನೇ ತಗೊಳ್ಳಿ. ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನೋಡಿದಾಗ ಡಿಸ್ಪ್ಲೇ ಪೂರ್ತಿ ಕಪ್ಪಾದ್ರೆ ಆ ಗ್ಲಾಸ್ ಪೋಲರೈಸ್ಡ್, ತೆಗೆದು ನೋಡಿ.

ದೃಶ್ಯವೇ ಮಸುಕಾದ್ರೆ ಬಟ್ಟೆಯಲ್ಲಿ ಒರೆಸಿ. ಹೋಯ್ತಾ, ಹೊರಗಿನ ಇಬ್ಬನಿ. ಹೋಗಲಿಲ್ವಾ, ನೀರು ಒಳಗೆ ಹೋಗಿದೆ. ಸೆಲ್ ತೆಗೆದು, ಮುಚ್ಚಳ ತೆರೆದಿಟ್ಟು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ನಾಲ್ಕೈದು ದಿನ ಇಡಿ. ಬಚ್ಚಲ ಒಲೆ ಮೇಲೆ, ಹೇರ್ ಡ್ರೈಯರ್ ಎದುರು ಬೇಡ, ಗಾಜು ಅಂಟಿಸಿದ ಗಮ್ ಬಿಡ್ತದೆ. ಟಾರ್ಚ್ ಓರೆಯಾಗಿ ಹಿಡಿದು ಗಾಜಿನೊಳಗೆ ನೋಡಿದಾಗ ಜೇಡರ ಬಲೆಯ ಹಾಗೆ ಸಣ್ಣ ಬಿಳೀ ಎಳೆಗಳು ಒಂದು ಚುಕ್ಕೆಯಿಂದ ಸುತ್ತ ಹರಡಿದ್ರೆ ಅದು ಬೂಸ್ಟು, ನಮ್ಮ ಮಳೆಗಾಲದ ಉಡುಗೊರೆ, ಮನೆಯಲ್ಲಿ ತೆಗೆಯೋಕೆ ಆಗಲ್ಲ. ಚರ್ಮದ, ಬಟ್ಟೆಯ ಚೀಲದಲ್ಲಿ ಹಾಕಿ ಕಪಾಟಲ್ಲಿ ಇಟ್ರೆ ಬರೋದೇ ಇದು, ಜೂನ್‌ನಿಂದ ಅಕ್ಟೋಬರ್‌ವರೆಗೆ ಚೀಲ ಬಿಟ್ಟು ಡಬ್ಬಿಯಲ್ಲೇ ಇಡಿ. ಐಪಿಎಕ್ಸ್4 ಅಂದ್ರೆ ನೀರು ಸಿಡಿದ್ರೆ ತಡೀತದೆ ಅಷ್ಟೆ, ಐಪಿ67 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ. ಕರಾವಳಿಗೆ, ಮಲೆನಾಡಿಗೆ ಎರಡನೇದಕ್ಕೆ ದುಡ್ಡು ಹಾಕಿ.

ಕೆಳಗೆ ಬಿದ್ದ ಮೇಲೆ ಗುರಿ ಇಟ್ಟಲ್ಲಿ ಸಿಗಲ್ಲ

ಹಿಂದೆ ಬರೀ ಆಕಾಶ ಇರೋ ಕಂಬ ಒಂದು ಹುಡುಕಿ, 50 ಮೀಟರ್ ಆಚೆ. ಕ್ರಾಸನ್ನ ಕಂಬದ ಎಡದಿಂದ ಬಲಕ್ಕೆ ನಿಧಾನ ಸರಿಸ್ತಾ ಒತ್ತಿ, ಎಲ್ಲಿ ನಂಬರ್ ಶುರು ಆಯ್ತು ಎಲ್ಲಿ ನಿಂತಿತು ನೋಡಿ. ಕಂಬದ ಮೇಲೇ ಶುರುವಾಗಿ ಮೇಲೇ ಮುಗಿದ್ರೆ ಸರಿ. ಕಂಬ ಬಿಟ್ಟು ಪಕ್ಕಕ್ಕೆ ಹೋದ ಮೇಲೆ ನಂಬರ್ ಬಂದ್ರೆ ಲೇಸರ್ ಒಂದು ಕಡೆ, ಕ್ರಾಸ್ ಒಂದು ಕಡೆ ಆಗಿದೆ. ಮೇಲಿಂದ ಕೆಳಗೂ ನೋಡ್ಬೇಕು, ಒಂದು ಅಡ್ಡ ಕೊಂಬೆ ಸಾಕು. ಇಲ್ಲಿಗೆ ನಿಲ್ಲಿಸಿ. ಸ್ಕ್ರೂ ಬಿಚ್ಚಬೇಡಿ. ಒಳಗಿನ ರಿಸೀವರ್‌ಗೆ ಬಹಳ ಮಾಡೆಲ್‌ಗಳಲ್ಲಿ ನೂರು ವೋಲ್ಟಿನ ಮೇಲೆ ಕೊಟ್ಟಿರ್ತಾರೆ, ಬಿಚ್ಚಿದ್ರೆ ನೀರು ತಡೆಯೋ ಸೀಲೂ ಹೋಯ್ತು, ವಾರಂಟಿಯೂ ಹೋಯ್ತು, ಗಾಜುಗಳ ಸಾಲು ಮನೆಯಲ್ಲಿ ಮತ್ತೆ ಕೂರಿಸೋಕೆ ಸಾಧ್ಯ ಇಲ್ಲ.

ಕಣ್ಣು, ಕಾಡು, ಕಾನೂನು

ಇದರ ಲೇಸರ್ ಸಾಮಾನ್ಯವಾಗಿ ಕ್ಲಾಸ್ 1, ಕಣ್ಣಿಗೆ ಸುರಕ್ಷಿತ ಅಂತ ಲೇಬಲ್ ಇರೋದನ್ನೇ ತಗೊಳ್ಳಿ. ಆದ್ರೂ ಜನರ ಮುಖಕ್ಕೆ ಇಟ್ಟು ಒತ್ತಬೇಡಿ, ಮಕ್ಕಳು ಮುಂದಿನ ಗಾಜಿಗೆ ಕಣ್ಣಿಟ್ಟು ಬಟನ್ ಒತ್ತೋಕೆ ಬಿಡಬೇಡಿ. ಲೇಸರಿಗಿಂತ ದೊಡ್ಡ ಅಪಾಯ ಸೂರ್ಯ, ಆರು ಪಟ್ಟು ದೊಡ್ಡದು ಮಾಡೋ ಗಾಜಿನಲ್ಲಿ ಒಂದು ಕ್ಷಣ ಸೂರ್ಯನನ್ನ ನೋಡಿದ್ರೂ ಕಣ್ಣು ಹೋಗಬಹುದು, ಸಂಜೆ ಕಡಲ ತೀರದಲ್ಲಿ ಹುಷಾರು.

ಬೇಟೆ ಮಾಡೆಲ್ ಅಂತ ಇಷ್ಟು ಸಲ ಬರೆದೆ, ಅದು ಹೊರ ದೇಶದ ಬಳಕೆಗೆ ಬಂದ ಹೆಸರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡು ಪ್ರಾಣಿ ಬೇಟೆ ಅಪರಾಧ, ತೋಟಕ್ಕೆ ಹಂದಿ, ಮಂಗ ಬಂದ್ರೆ ಅರಣ್ಯ ಇಲಾಖೆಗೆ ಹೇಳಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಅನುಮತಿ ಇಲ್ಲದೆ ಇದನ್ನ ಹಿಡ್ಕೊಂಡು ತಿರುಗಬೇಡಿ. ಕಾರವಾರದವರಿಗೆ ಇನ್ನೊಂದು, ಅರಗಾದ ಕದಂಬ ನೌಕಾನೆಲೆ ಕಡೆಗೋ ಕೈಗಾ ಸ್ಥಾವರದ ಕಡೆಗೋ ಇದನ್ನ ತಿರುಗಿಸ್ಲೇಬೇಡಿ, ನೋಡೋರಿಗೆ ನೀವು ದೂರ ಅಳೀತಾ ಇದ್ದೀರಿ ಅಂತಲೇ ಕಾಣ್ತದೆ, ಅದು ನಿಜವೂ ಹೌದು.

ಕಳಿಸಲೇಬೇಕು ಅಂದಾಗ

ಸೆಲ್ ತೆಗೆದು ಕಳಿಸಿ, ಬಿಲ್ ಜೆರಾಕ್ಸ್ ಇಡಿ. ಜೊತೆಗೆ ಒಂದು ಚೀಟಿ. "ಹಾಳಾಗಿದೆ" ಅಂತ ಬರೆದ್ರೆ ಅವರು ಒಮ್ಮೆ ಆನ್ ಮಾಡಿ, ಗೋಡೆಗೆ ಇಟ್ಟು, ಸರಿ ಇದೆ ಅಂತ ವಾಪಸ್ ಕಳಿಸ್ತಾರೆ, ನನಗೆ ಒಮ್ಮೆ ಹಾಗೇ ಆಗಿ ಕೊರಿಯರ್ ಖರ್ಚು ಎರಡು ಸಲ ಬಿತ್ತು. ಆಮೇಲಿನ ಸಲ ಹೀಗೆ ಬರೆದೆ: "ಹೊಸ ಸೆಲ್. ಮೀಟರ್ ಮೋಡ್, ಸ್ಲೋಪ್ ಆಫ್. 90 ಮೀಟರಿನ ಬಿಳಿ ಶೀಟಿಗೆ ಹತ್ತು ಸಲ: 90, 74, ಗೆರೆ, 91, ಗೆರೆ, 90, 73, ಗೆರೆ, ಗೆರೆ, 90. ಎರಡು ತಿಂಗಳ ಹಿಂದೆ ಅಂಗಳದ ಕಲ್ಲಿನ ಮೇಲೆ ಬಿದ್ದಿದೆ. ಕಂಬದ ಟೆಸ್ಟಲ್ಲಿ ಲೇಸರ್ ಬಲಕ್ಕೆ ಸರಿದಿದೆ." ಮೂರು ವಾರಕ್ಕೆ ಸರಿಯಾಗಿ ಬಂತು.